ಹೋಟೆಲಿನ ಹೊಸ್ತಿಲಲ್ಲಿ ಇಜ್ಜಾಳ ಕೋಳಿ

ಇಜ್ಜಾಳ ಬಾಯಿಗೆ ಹೆದರದವರು ನಮ್ಮ ಹಳ್ಳಿಯಲ್ಲಿ ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬಳು ಸುಲ್ತಾನಾ ಎಂಬ ಅವಳ ಕೋಳಿ. ಇಜ್ಜಾಳ ಕೋಳಿಗಳು ಮಸೀದಿಯ ಅಂಗಳಕ್ಕೆ ನುಗ್ಗಿದರೆ ಇಮಾಮರು ಕೂಡ "ಹುಶ್" ಎನ್ನುವ ಮುಂಚೆ ಆಚೀಚೆ ನೋಡುತ್ತಾರೆ. ಅವಳ ಗಂಡ ಕಾಸಾಬ್ಲಾಂಕಾದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು ಬಕ್ರೀದಿಗೆ ಮಾತ್ರ ಊರಿಗೆ ಬರುತ್ತಾನೆ. ವ್ಯಾಪಾರ ಬಿಟ್ಟು ಬರೋಕಾಗಲ್ಲ ಎನ್ನುತ್ತಾನೆ. ನನಗೆ ಬೇರೆಯೇ ಅನುಮಾನವಿದೆ.

ನಾನು ಕಬ್ಬೂರಾ, ಅವಳ ಪಕ್ಕದ ಮನೆಯವಳು. ಅಗಾದಿರದ ಸಮುದ್ರದ ದಂಡೆಯಲ್ಲಿರುವ ದೊಡ್ಡ ಹೋಟೆಲಿನಲ್ಲಿ ನನ್ನ ಕೆಲಸ. ಬೆಳಗಿನ ತಿಂಡಿಯ ಹೊತ್ತಿಗೆ ಕಸೂತಿಯ ನಿಲುವಂಗಿ ತೊಟ್ಟು ಕೂತು, ಅತಿಥಿಗಳ ಕಣ್ಣೆದುರಿಗೇ ಪದರ ರೊಟ್ಟಿ ತಟ್ಟಬೇಕು. ಆ ನಿಲುವಂಗಿಯನ್ನು ನಮ್ಮಜ್ಜಿಯ ಕಾಲದಲ್ಲೂ ಯಾರೂ ತೊಟ್ಟಿದ್ದಿಲ್ಲ. ಹೋಟೆಲಿನವರು ಅದನ್ನು ನಮ್ಮ ಸಂಪ್ರದಾಯ ಎನ್ನುತ್ತಾರೆ. ಸಂಬಳ ಕೊಡುತ್ತಾರೆ, ತೊಡುತ್ತೇನೆ.

ಇಜ್ಜಾಳ ಕೋಳಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಅವು ಇಡೀ ಊರಿನ ಕೋಳಿಗಳು. ಅರ್ಗಾನ್ ಮರಗಳ ಬುಡ, ನನ್ನ ಕೊತ್ತಂಬರಿ ಮಡಿ, ಶಾಲೆಯ ಕಟ್ಟೆ, ಎಲ್ಲ ಕಡೆ ಅವುಗಳದ್ದೇ ರಾಜ್ಯ. ಕೊತ್ತಂಬರಿ ವಿಷಯಕ್ಕೆ ನಾನೂ ಅವಳೂ ಎಷ್ಟು ಸಲ ಜುಟ್ಟು ಹಿಡಿದು ಜಗಳವಾಡಿಲ್ಲ! ಆದರೆ ನಮ್ಮಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೆ ರ್ಫೀಸಾ ಮಾಡಿ ಬಡಿಸಬೇಕು. ಹರಿದ ರೊಟ್ಟಿಯ ಮೇಲೆ ಮೆಂತ್ಯ, ಬೇಳೆ ಹಾಕಿ ಬೇಯಿಸಿದ ಕೋಳಿಸಾರು ಸುರಿದರೆ ಅದೇ ರ್ಫೀಸಾ. ಅದಕ್ಕೆ ಮಣ್ಣು ಕೆದಕಿ ಬೆಳೆದ ಕೋಳಿಯೇ ಬೇಕು, ಅದೂ ಇಜ್ಜಾಳ ಅಂಗಳದ್ದೇ ಆಗಬೇಕು. ಮಿಕ್ಕವರ ಹತ್ತಿರ ಮೊಟ್ಟೆ ಮೊಟ್ಟೆಗೂ ಚೌಕಾಸಿ ಮಾಡುವವಳು, ಬಾಣಂತಿಯ ಮನೆಗೆ ಮಾತ್ರ ಒಳ್ಳೆಯ ದಪ್ಪ ಕೋಳಿ ಆರಿಸಿ ತಾನೇ ಎತ್ತಿಕೊಂಡು ಹೋಗಿ ಕೊಡುತ್ತಿದ್ದಳು. ಊರಿನಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಅದೇ.

ಕೆಲವು ವರ್ಷಗಳ ಹಿಂದೆ ನಮ್ಮ ಹೋಟೆಲಿನ ಕಡೆಯಿಂದ ಒಬ್ಬ ಫೋಟೋಗ್ರಾಫರ್ ಬಂದ. ಇದೇ ಹೆಸರಿನ ಹೋಟೆಲುಗಳು ಸಮುದ್ರದಾಚೆ ಹತ್ತಾರು ಊರುಗಳಲ್ಲಿವೆಯಂತೆ, ಒಡೆಯರು ಎಲ್ಲೋ ದೂರದ ದೇಶದಲ್ಲಿದ್ದಾರಂತೆ. "ಇನ್ಮೇಲೆ ನಮ್ಮ ಯಾವ ಹೋಟೆಲಲ್ಲೂ ಪಂಜರದ ಕೋಳಿಯ ಮೊಟ್ಟೆ ಇರಲ್ಲ. ಇಂಥ ಓಡಾಡೋ ಕೋಳಿಗಳದ್ದೇ" ಎಂದ. ಇಜ್ಜಾ ಅವನನ್ನು ಬಿಸಿಲಲ್ಲಿ ಕಾಯಿಸಿ, ಒಳಗೆ ಹೋಗಿ ಹಬ್ಬದ ತಲೆವಸ್ತ್ರ ಹುಡುಕಿ ಕಟ್ಟಿಕೊಂಡು ಬಂದು, ಸುಲ್ತಾನಾಳನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಳು. ಆಮೇಲೆ ಅವನಿಗೆ ಮೊಟ್ಟೆ ಕರಿದು, ಜೀರಿಗೆ ಉದುರಿಸಿ ಕೊಟ್ಟಳು. ಬೆರಳು ನೆಕ್ಕಿಕೊಂಡು ತಿಂದ. ಮುಂದಿನ ವಾರವೇ ಮೊಟ್ಟೆ ಕೊಳ್ಳಲು ಬರುತ್ತೇವೆ ಎಂದು ಹೋದವನು ಅತ್ತಲೇ ಹೋದ.

ಬಂದದ್ದು ಫೋಟೋ ಮಾತ್ರ. ಒಂದು ಬೆಳಿಗ್ಗೆ ನಾನು ಹಾಲ್‌ಗೆ ಕಾಲಿಟ್ಟರೆ ನನ್ನ ರೊಟ್ಟಿ ಒಲೆಯ ಹಿಂದಿನ ಗೋಡೆಯಲ್ಲಿ ಬಾಗಿಲಿನಷ್ಟು ಎತ್ತರದ ಇಜ್ಜಾ ನಿಂತಿದ್ದಾಳೆ! ಮನೆಯಲ್ಲಿ ಅವಳ ಕಾಟ ಸಾಲದೆಂದು ಇಲ್ಲಿಗೂ ಬಂದಳೇ ಎನಿಸಿತು. ಕೆಳಗೆ ಬರೆದಿದ್ದರು: "ನಮ್ಮ ಮೊಟ್ಟೆಗಳು ಇಜ್ಜಾಳ ಅಂಗಳದಲ್ಲಿ ಸ್ವಚ್ಛಂದವಾಗಿ ಓಡಾಡುವ ಕೋಳಿಗಳವು. ಪಂಜರವಿಲ್ಲ. ಇದು ನಮ್ಮ ಮಾತು." ಆ ಮಾತಿನ ಕೆಳಗೇ ನಮ್ಮ ಅಡುಗೆಯವನು ವ್ಯಾನಿನಲ್ಲಿ ಬಂದ ಟ್ರೇಗಟ್ಟಲೆ ಬಿಳಿ ಮೊಟ್ಟೆ ಒಡೆದು ಆಮ್ಲೆಟ್ ಹಾಕುತ್ತಿದ್ದ.

ನಾನು ಬಂದು ಹೇಳಿದಾಗ ಇಜ್ಜಾ ಮೊದಲು ಖುಷಿಪಟ್ಟಳು. "ತಲೆವಸ್ತ್ರ ಚೆನ್ನಾಗಿ ಬಂದಿದ್ಯಾ?" ಎಂದು ಕೇಳಿದಳು. ಆಮೇಲೆ ಅದೇ ಚಿತ್ರ ಬಸ್‌ನಿಲ್ದಾಣದಲ್ಲೂ ಬಿತ್ತು. ಊರಿನ ಹೆಂಗಸರು ನೋಡಿದರು. ಅಲ್ಲಿಗೆ ಶುರುವಾಯಿತು ಶನಿಕಾಟ.

ನಮ್ಮೂರಿನ ಹೆಂಗಸರಿಗೆಲ್ಲ ಯಜಮಾನಿ ಹಜ್ಜಾ ಯಮ್ನಾ. ಮಕ್ಕಾಕ್ಕೆ ಹೋಗಿ ಬಂದವಳು, ಅವಳು ಹೂಂ ಎಂದರೆ ಊರೇ ಹೂಂ ಎನ್ನುತ್ತದೆ. ರೊಟ್ಟಿ ಸುಡುವ ಒಲೆಯ ಹತ್ತಿರ ಅವಳೇ ಬಾಯಿ ತೆಗೆದಳು. "ಇಡೀ ಹೋಟೆಲಿಗೆ ಮೊಟ್ಟೆ ತಿನ್ನಿಸೋಳು, ನಮ್ಮ ಮುಂದೆ ಹರಕಲು ಚಪ್ಪಲಿ ಹಾಕ್ಕೊಂಡು ಎಂಥ ನಾಟಕ ಆಡ್ತಾಳೆ ನೋಡ್ರೇ! ಅಲ್ಲಾ, ಅಷ್ಟೊಂದು ಮೊಟ್ಟೆ ಆ ನಾಲ್ಕು ಕೋಳಿ ಇಡುತ್ವಾ? ಎಲ್ಲಿಂದಲೋ ಪಂಜರದ ಮೊಟ್ಟೆ ತಂದು ತನ್ನದು ಅಂತ ಮಾರ್ತಿದ್ದಾಳೆ. ನಮ್ಮ ಬಾಣಂತಿಯರಿಗೂ ಅಂಥ ರೋಗಿಷ್ಟ ಕೋಳೀನೇ ತಿನ್ನಿಸಿರ್ಬೇಕು."

ನನಗೆ ರೇಗಿಹೋಯಿತು. "ಹಜ್ಜಾ, ನಾನು ದಿನಾ ಅಲ್ಲೇ ಸಾಯ್ತಿರ್ತೀನಿ. ಅವಳ ಒಂದು ಮೊಟ್ಟೆನೂ ಆ ಹೋಟೆಲ್ ಬಾಗಿಲು ನೋಡಿಲ್ಲ" ಎಂದೆ.

"ನೀನು ಸುಮ್ನಿರು. ನೀನು ಅವಳ ಬಾಲ. ಅಷ್ಟು ದೊಡ್ಡದಾಗಿ ಬರ್ದಿದ್ದಾರೆ, ಅಷ್ಟು ದೊಡ್ಡ ಹೋಟೆಲಿನವರು ಸುಳ್ಳು ಹೇಳ್ತಾರಾ?"

ಹಜ್ಜಾಳ ಸೊಸೆ ಹೆತ್ತಾಗ ರ್ಫೀಸಾಕ್ಕೆ ಕೋಳಿ ಬಂದದ್ದು ಸಂತೆಯಿಂದ. ಇಜ್ಜಾ ಆರಿಸಿ ಇಟ್ಟಿದ್ದ ಕೋಳಿಯನ್ನು ಬಾಗಿಲಿಂದಲೇ ವಾಪಸ್ ಕಳಿಸಿದರು. ಆವತ್ತು ಅವಳು ನನ್ನ ಹತ್ತಿರ ಜಗಳ ಕೂಡ ಆಡಲಿಲ್ಲ. ಗೋಡೆಗೆ ಒರಗಿ ಕೂತೇ ಇದ್ದಳು. ಅವಳ ಮಗಳು ತೂದಾ ಚೊಚ್ಚಲ ಹೆರಿಗೆಗೆಂದು ತಾಯಿಮನೆಗೆ ಬಂದಿದ್ದಳು. ಹುಟ್ಟಿದ ಏಳನೆಯ ದಿನ ಮಗುವಿಗೆ ಹೆಸರಿಡುವಾಗ ಊರಿನ ಹೆಂಗಸರೆಲ್ಲ ಬಂದು ಹರಸಿ ಉಣ್ಣಬೇಕು. ಯಾರೂ ಬಾರದ ಮನೆಯ ಮಗು ಅಂದರೆ ಅದಕ್ಕಿಂತ ಅವಮಾನ ಇನ್ನೊಂದಿಲ್ಲ. ಹಜ್ಜಾ ಆಗಲೇ ಸಾರಿಬಿಟ್ಟಿದ್ದಳು: "ಆ ಮನೆ ಮೆಟ್ಟಿಲು ನಾವ್ಯಾರೂ ತುಳಿಯಲ್ಲ."

ಮಾರನೆಯ ದಿನ ನನ್ನ ಜೊತೆ ಬಸ್ಸು ಹತ್ತಿದಳು ಇಜ್ಜಾ.

ನಮ್ಮ ಮ್ಯಾನೇಜರ್ ಝುಹೈರ್ ಕಾಸಾಬ್ಲಾಂಕಾದವನು, ನಮಗೆಲ್ಲ ಅವನು ಸೀದಿ, ಅಂದರೆ ಸಾಹೇಬ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾನೆ. ಪುದೀನ ಚಹಾ ತರಿಸಿದ, ಖರ್ಜೂರ ತರಿಸಿದ, ಅಮ್ಮಾವ್ರೇ ಎನ್ನುವ ಹಾಗೆ ಲಲ್ಲಾ ಎಂದು ಕರೆದ. "ಲಲ್ಲಾ, ಆ ಫೋಟೋ ಒಂದು ಸಂಕೇತ ಅಷ್ಟೆ. ನೀವು ನಮ್ಮ ಆಶಯದ ಮುಖ" ಎಂದ.

"ಆಶಯಕ್ಕೆ ಮುಖ ಬೇಕಾದ್ರೆ ನಿನ್ನದೇ ಹಾಕ್ಕೋ ಸೀದಿ. ಚೆನ್ನಾಗೇ ಇದೆ."

"ಸರಿ, ತೆಗೆಸಿಬಿಡ್ತೀನಿ. ಬೇರೆ ಯಾರದಾದ್ರೂ ಹಾಕಿಸ್ತೀನಿ."

"ಅಂದ್ರೆ ನನ್ನ ಮುಖದ ಮಸಿ ಒರೆಸಿ ಇನ್ನೊಬ್ಬಳ ಮುಖಕ್ಕೆ ಬಳೀತೀಯಾ? ಈಗ ತೆಗೆದ್ರೆ ನಮ್ಮೂರಿನೋರು ಏನಂತಾರೆ ಗೊತ್ತಾ? ಕಳ್ಳಿ ಸಿಕ್ಕಿಬಿದ್ದಳು, ಅದಕ್ಕೇ ತೆಗೆದ್ರು ಅಂತಾರೆ. ಬರೆದ ಮಾತು ನಡೆಸು. ಇಲ್ಲಾ, ಬರೆದಿದ್ದು ಸುಳ್ಳು ಅಂತ ಅಲ್ಲೇ ಬರಿ."

ಝುಹೈರ್ ನಕ್ಕ. ಅವಳನ್ನು ಬಾಗಿಲವರೆಗೆ ಕಳಿಸಿಬರಲು ಎದ್ದ. ಇಜ್ಜಾ ಬಾಗಿಲ ಕಡೆ ಹೋಗಲೇ ಇಲ್ಲ. ಸೀದಾ ತಿಂಡಿ ಹಾಲ್‌ಗೆ ಬಂದು, ಕುರ್ಚಿ ಎಳೆದುಕೊಂಡು ತನ್ನ ಫೋಟೋದ ಕೆಳಗೇ ಕೂತಳು. ಬಂದ ಅತಿಥಿಗಳಿಗೆಲ್ಲ ಎದೆಯ ಮೇಲೆ ಕೈಯಿಟ್ಟು ಸಲಾಮು. "ಬನ್ನಿ ಬನ್ನಿ, ನಿಮ್ಮನೆ ಅಂತ ತಿಳ್ಕೊಳ್ಳಿ. ಮೊಟ್ಟೆ ತಿಂದ್ರಾ? ನಂದಲ್ಲ ಅದು. ಯಾವ ಪುಣ್ಯಾತ್ಗಿತ್ತಿ ಕೋಳೀದೋ ಏನೋ, ನನಗೂ ಅದಕ್ಕೂ ಪರಿಚಯ ಇಲ್ಲ. ತಿನ್ನಿ ತಿನ್ನಿ." ನಾನು ರೊಟ್ಟಿ ತಟ್ಟುತ್ತ, ನನಗೆ ಬರುವ ಹರಕುಮುರುಕು ಫ್ರೆಂಚಿನಲ್ಲಿ ಎಲ್ಲವನ್ನೂ ಹೇಳಿದೆ. ಅಷ್ಟು ಹೇಳದಿದ್ದರೆ ನಾನೆಂಥ ಪಕ್ಕದ ಮನೆಯವಳು?

ಅವಳನ್ನು ಹೊರಗೆ ಹಾಕು ಎಂದು ಝುಹೈರ್ ಬಾಗಿಲು ಕಾಯುವ ಬೀಹಿಗೆ ಹೇಳಿದ. ಬೀಹಿ ಗೋಡೆಯನ್ನೂ ನೋಡಿದ, ಕುರ್ಚಿಯನ್ನೂ ನೋಡಿದ. "ಯಾವುದನ್ನ ಹೊರಗೆ ಹಾಕ್ಲಿ ಸೀದಿ? ನಿಂತಿರೋದನ್ನೋ, ಕೂತಿರೋದನ್ನೋ?"

ಹೀಗೆ ದಿನವೂ ನಡೆಯಿತು. ಅತಿಥಿಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಅವಳ ಜೊತೆ ಫೋಟೋ ತೆಗೆಸಿಕೊಂಡರು, ಆಮೇಲೆ ಹೋಗಿ ಆಮ್ಲೆಟ್ ತಿಂದರು. ಝುಹೈರನಿಗೂ ರೂಢಿಯಾಯಿತು. ಅವಳೂ ಹೋಟೆಲಿನ ಒಂದು ಆಕರ್ಷಣೆ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ. ಅಷ್ಟರಲ್ಲಿ ತೂದಾ ಗಂಡುಮಗು ಹೆತ್ತಳು. ನಾನೊಬ್ಬಳೇ ನೋಡಲು ಹೋದವಳು. ಮಗುವಿನ ಕಿವಿ ಥೇಟ್ ತಾತನದ್ದು ಎಂದೆ. ಇಜ್ಜಾ ನಗಲಿಲ್ಲ.

"ಕಬ್ಬೂರಾ, ಬಾಗಿಲು ತೆಗೆದಿಟ್ಟೇ ಕೂತಿದ್ದೀನಿ. ಒಂದು ಬೆಕ್ಕೂ ಬರ್ಲಿಲ್ಲ ಕಣೇ" ಎಂದಳು.

ಅದೇ ವಾರ ಹೋಟೆಲಿನಲ್ಲಿ ಸಂಭ್ರಮ. ಪಂಜರದ ಮೊಟ್ಟೆ ಬಿಡುತ್ತೇವೆ ಎಂದು ಒಡೆಯರು ಜಗತ್ತಿಗೆಲ್ಲ ಕೊಟ್ಟಿದ್ದ ಗಡುವು ಮುಗಿದಿತ್ತು. ಮಾತು ಉಳಿಸಿಕೊಂಡೆವು ಎಂದು ಸಾರಲು ದೊಡ್ಡ ಆಫೀಸಿನಿಂದ ಒಬ್ಬ ಮದಾಮ್ ಬರುವವಳಿದ್ದಳು. ಕೆಂಪು ಹಾಸು ಹಾಸಿದರು, ನನ್ನ ನಿಲುವಂಗಿಗೂ ಇಸ್ತ್ರಿಯಾಯಿತು. ಮದಾಮ್ ಕಾರಿನಿಂದ ಇಳಿಯುವುದಕ್ಕೂ ಇಜ್ಜಾ ಬಸ್ಸಿನಿಂದ ಇಳಿದು ಬರುವುದಕ್ಕೂ ಸರಿಹೋಯಿತು. ಒಂದು ಕಂಕುಳಲ್ಲಿ ಸುಲ್ತಾನಾ, ಇನ್ನೊಂದು ಕೈಯಲ್ಲಿ ಚಾಕು.

ಹೊಸ್ತಿಲ ಮೇಲೆ ಕೋಳಿಯನ್ನು ಒತ್ತಿ ಹಿಡಿದು ಕೂಗಿದಳು: "ನಿಮ್ಮ ಮೇಲೆ ಆರ್ ಹಾಕ್ತಿದ್ದೀನಿ!"

ಯಾ ಅಲ್ಲಾ! ನನ್ನ ಕೈಯಲ್ಲಿದ್ದ ಹಿಟ್ಟು ಕೆಳಗೆ ಬಿತ್ತು. ನಮ್ಮಲ್ಲಿ ಬೇರೆ ದಾರಿಯೇ ಕಾಣದವರು ದೊಡ್ಡವರ ಹೊಸ್ತಿಲಿಗೆ ಪ್ರಾಣಿಯೊಂದನ್ನು ತಂದು ಕೊಯ್ಯುತ್ತಾರೆ. ಅದೇ ಆರ್. ಆರ್ ಬಿದ್ದ ಮನೆಯವರು ಕೇಳಿದ್ದನ್ನು ನಡೆಸಿಕೊಡಲೇಬೇಕು. ನಡೆಸಿಕೊಡುವ ತನಕ ಆ ಹೊಸ್ತಿಲು ದಾಟಿದವರಿಗೆಲ್ಲ ಕೇಡು. ಮನೆಯವರು ಒಳ್ಳೆಯವರಾದರೆ ಕೊಯ್ಯುವ ಮೊದಲೇ ಪ್ರಾಣಿಯನ್ನು ತಮ್ಮ ಕೈಗೆ ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡರೆ ಒಪ್ಪಿದಂತೆ, ಮಾತು ಮುಗಿಯಿತು.

ಬೀಹಿ ಹೊಸ್ತಿಲಿನಿಂದ ಮಾರುದೂರ ಹಾರಿ ನಿಂತ. ಸೂಟ್‌ಕೇಸು ಹೊತ್ತಿದ್ದವರು ಇದ್ದಲ್ಲೇ ಇಳಿಸಿದರು. ಆಮ್ಲೆಟ್ ಹಾಕುವವನು ಸೌಟು ಹಿಡಿದುಕೊಂಡೇ ಒಳಬಾಗಿಲಲ್ಲಿ ಕಂಬವಾದ. ಒಳಗಿದ್ದ ನಮ್ಮವರು ಹೊರಗೆ ಬರುವುದಿಲ್ಲ, ಹೊರಗಿದ್ದವರು ಒಳಗೆ ಹೋಗುವುದಿಲ್ಲ. ಸುಲ್ತಾನಾಳನ್ನು ಕೊಯ್ಯುವ ಮನಸ್ಸು ಇಜ್ಜಾಳಿಗೆ ನಿಜವಾಗಿ ಇತ್ತೇ? ನಾನು ಇವತ್ತಿಗೂ ಕೇಳಿಲ್ಲ.

ಝುಹೈರ್ ಬೆವತು ನೀರಾದ. "ಬೇಡ ಲಲ್ಲಾ, ಇವತ್ತು ಬೇಡ! ಕೋಳಿ ದಯೆಗೆ ಸಮಾರಂಭ ಇಟ್ಕೊಂಡು ಬಾಗಿಲಲ್ಲೇ ಕೋಳಿ ಕೊಯ್ದ್ರೆ ನನ್ನ ಗತಿ ಏನು?" ಎಂದು ಪಿಸುಗುಟ್ಟಿದ. ಏನು ನಡೆಯುತ್ತಿದೆ ಎಂದು ಮದಾಮ್ ಕೇಳಿದಳು. ಮಹಾ ಜಾಣ ಅವನು, ಹಲ್ಲು ಕಿರಿದು ಹೇಳಿಬಿಟ್ಟ: "ಇದು ನಮ್ಮ ಕಡೆಯ ಸ್ವಾಗತ ಮದಾಮ್. ಫೋಟೋದಲ್ಲಿರೋ ಇಜ್ಜಾ ಇವರೇ. ನಿಮಗೆ ತಮ್ಮ ಕೋಳೀನ ಪರಿಚಯ ಮಾಡಿಸೋಕೆ ಬಂದಿದ್ದಾರೆ."

"ಓ!" ಎಂದಳು ಮದಾಮ್. ಕೆಂಪು ಹಾಸಿನ ಮೇಲೆ ಬಗ್ಗಿ ಸುಲ್ತಾನಾಳನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಅಪ್ಪಿಕೊಂಡಳು.

ನಾನು ತಡೆಯಲಾರದೆ ನಾಲಗೆ ಹೊರಳಿಸಿ ಉಲುಲುಲು ಎಂದು ಮದುವೆಮನೆಯ ಕೂಗು ಹಾಕಿದೆ. ಅಡುಗೆಮನೆಯ ಹೆಂಗಸರೆಲ್ಲ ದನಿಗೂಡಿಸಿದರು. ಬೀಹಿ ಕಣ್ಣೊರೆಸಿಕೊಂಡ. ಝುಹೈರ್ ಮಾತ್ರ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಅವನೂ ಈ ದೇಶದವನೇ, ಏನಾಯಿತೆಂದು ಚೆನ್ನಾಗಿ ಗೊತ್ತಾಗಿತ್ತು. ಅವನ ಒಡೆಯರು ಹೋಟೆಲಿನವರೆಲ್ಲರ ಎದುರಿಗೆ, ಎದೆಗಪ್ಪಿ, ಆರ್ ಒಪ್ಪಿಕೊಂಡಿದ್ದರು.

"ಈಗ ಕೇಳ್ತೀನಿ. ಕಬ್ಬೂರಾ, ಒಂದು ಮಾತೂ ನುಂಗದೆ ಅವರ ಭಾಷೇಲಿ ಹೇಳು" ಎಂದಳು ಇಜ್ಜಾ. "ನಿಮ್ಮ ಮೊಟ್ಟೆ ಎಲ್ಲಿಂದ ಬರುತ್ತೋ ಆ ಜಾಗಕ್ಕೆ ನನ್ನ ಕರ್ಕೊಂಡು ಹೋಗಿ. ಈಗಲೇ. ದಾರೀಲಿ ನಮ್ಮೂರಲ್ಲಿ ನಿಲ್ಲಿಸ್ಬೇಕು, ಒಬ್ಬರನ್ನ ಹತ್ತಿಸ್ಕೋಬೇಕು."

ಹೇಳಿದೆ. ಮದಾಮ್‌ಗೆ ಖುಷಿಯೋ ಖುಷಿ. ಖಂಡಿತ ಹೋಗೋಣ ಎಂದಳು. ಅವಳಿಗೆ ಸತ್ಯ ಗೊತ್ತಿರಲಿಲ್ಲವೋ, ಗೊತ್ತಿಲ್ಲದಂತೆ ಇರುವುದೇ ಅವಳ ಕೆಲಸವೋ, ದೇವರೇ ಬಲ್ಲ. ಇವತ್ತು ಅಲ್ಲಿ ರಜೆ ಎಂದ ಝುಹೈರ್. ರೋಗ ಹರಡಿದೆ ಎಂದ. ರಸ್ತೆ ಕೆಟ್ಟಿದೆ ಎಂದ. ಮೊಟ್ಟೆ ವ್ಯಾನಿನ ಡ್ರೈವರ್ ಬೀಹಿಯ ಷಡ್ಡಕ. "ದಾರಿ ನನಗೆ ಗೊತ್ತು ಸೀದಿ, ರಸ್ತೆ ಚೆನ್ನಾಗೇ ಇದೆ" ಎಂದು ಬೀಹಿ ಹೋಟೆಲಿನ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದ.

ನಮ್ಮೂರಿನಲ್ಲಿ ಹತ್ತಿಸಿಕೊಂಡದ್ದು ಹಜ್ಜಾ ಯಮ್ನಾಳನ್ನು. "ಎಲ್ಲಿಗೆ? ಯಾಕೆ? ನಾನ್ಯಾಕೆ ಬರ್ಲಿ?" ಎಂದು ಮೂಗು ಮುರಿದಳು. ಬಸ್ಸಿನೊಳಗೆ ತಣ್ಣನೆ ಗಾಳಿ ಬೀಸುತ್ತಿದೆ ಎಂದು ನಾನು ಹೇಳಿದ ಮೇಲೆ ಹತ್ತಿದಳು. ಇಜ್ಜಾಳ ಕಡೆ ತಿರುಗಿಯೂ ನೋಡದೆ ಹಿಂದಿನ ಸೀಟಿನಲ್ಲಿ ಕೂತಳು.

ಬಯಲಿನಾಚೆ ಕಿಟಕಿಗಳಿಲ್ಲದ ಉದ್ದನೆಯ ತಗಡಿನ ಶೆಡ್ಡು. ಕಾವಲಿನವನು ಮ್ಯಾನೇಜರನನ್ನು ನೋಡಿ ಬಾಗಿಲು ತೆಗೆದ. ಒಳಗಿನಿಂದ ಬಂದ ಘಾಟಿಗೆ ಕಣ್ಣು ಉರಿದುಹೋಯಿತು. ಹಜ್ಜಾ ತಲೆವಸ್ತ್ರದಿಂದ ಮೂಗು ಮುಚ್ಚಿಕೊಂಡು ನಮ್ಮ ಹಿಂದೆಯೇ ಒಳಗೆ ಬಂದಳು. ಅಟ್ಟದ ಮೇಲೆ ಅಟ್ಟ, ಪಂಜರದ ಮೇಲೆ ಪಂಜರ. ಒಂದೊಂದರಲ್ಲೂ ತುರುಕಿದ ಕೋಳಿಗಳು. ರೆಕ್ಕೆ ಬಿಚ್ಚುವಂತಿಲ್ಲ, ತಿರುಗುವಂತಿಲ್ಲ. ಕತ್ತಿನ ಪುಕ್ಕ ಉದುರಿ ಚರ್ಮ ಕೆಂಪಗೆ ಕಾಣುತ್ತಿತ್ತು. ಅವುಗಳ ಕಾಲಿಗೆ ಮಣ್ಣು ಸೋಂಕಿದ್ದೇ ಇಲ್ಲ. ಮದಾಮ್‌ಳ ತೋಳಿನಲ್ಲಿದ್ದ ಸುಲ್ತಾನಾ ಒಮ್ಮೆ ಕುತ್ತಿಗೆ ಎತ್ತಿ ನೋಡಿ ಅವಳ ಕೋಟಿನೊಳಗೆ ತಲೆ ಹುದುಗಿಸಿತು. ಇಷ್ಟು ವರ್ಷ ಅವುಗಳ ಮೊಟ್ಟೆಯ ಪಕ್ಕದಲ್ಲೇ ನಗುತ್ತ ರೊಟ್ಟಿ ತಟ್ಟಿದ್ದೆನಲ್ಲ!

ಇಜ್ಜಾ ಒಂದೊಂದೇ ಪಂಜರದ ಮುಂದೆ ಬಗ್ಗಿ ನೋಡುತ್ತ ಸಾಲಿನ ಕೊನೆಯವರೆಗೂ ಹೋಗಿ ಬಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಸೀದಿ, ಇವುಗಳಲ್ಲಿ ನನ್ನವು ಯಾವುವು ತೋರ್ಸು. ನನ್ನ ಹೆಸರಿಟ್ಟು ಸಾಕ್ತಿದ್ದೀರಲ್ಲ."

ಝುಹೈರ್ ನೆಲ ನೋಡಿದ. "ನಾನೂ ಇಲ್ಲಿಗೆ ಬಂದಿದ್ದು ಇವತ್ತೇ ಮೊದಲು, ಲಲ್ಲಾ" ಎಂದ. ಅದು ನಿಜವೇ ಇರಬೇಕು ಎಂದು ನನಗನಿಸಿತು.

ಮದಾಮ್ ಬಾಯಿ ತೆರೆದಳು. ವಿಚಾರಣೆ ಮಾಡಿಸುತ್ತೇವೆ, ಸಮಿತಿ ಮಾಡುತ್ತೇವೆ ಎಂದೆಲ್ಲ ಹೇಳಿದಳು. ನಾನು ಅನುವಾದಿಸಿ ಮುಗಿಸುವ ಮೊದಲೇ ಇಜ್ಜಾ ಸಿಡಿದಳು: "ಸಮಿತಿ ಆಮೇಲೆ ಮಾಡ್ಕೊಳ್ಳಲಿ. ನಾನೂ ಕೋಳಿ ಕೊಯ್ಯೋಳೇ, ಸಾಚಾ ಅಂತ ಹೇಳ್ತಿಲ್ಲ. ಆದ್ರೆ ಸಾಯೋ ಮುಂಚೆ ಅದು ಬದುಕಿರ್ಬೇಕು ಕಣಮ್ಮ! ಇವು ಬದುಕೇ ಇಲ್ಲ. ಇದನ್ನ ಮಾಡಿ ನನ್ನ ಮುಖ ತೋರಿಸ್ತೀರಾ? ನನ್ನ ಕೋಳಿ ನಿನ್ನ ಕೈಯಲ್ಲಿದೆ. ಒಪ್ಕೊಂಡಿದ್ದೀಯ. ನನ್ನ ಚಿತ್ರ ತೆಗೀಬೇಡಿ, ಅದರ ಕೆಳಗೆ ಇದ್ದದ್ದು ಇದ್ದ ಹಾಗೆ ಬರೀರಿ."

ಒಪ್ಪಿಕೊಳ್ಳುವುದು ಎಂದರೆ ಏನೆಂದು ನಾನು ಮದಾಮ್‌ಗೆ ಅಲ್ಲಿಯೇ ಬಿಡಿಸಿ ಹೇಳಿದೆ. ಅವಳು ಕೋಳಿಯನ್ನು ನೋಡಿದಳು, ಝುಹೈರನನ್ನು ನೋಡಿದಳು. ಅವಳ ಮುಖ ಕೆಂಪೇರಿತು.

ಅದೇ ವಾರ ಗೋಡೆಯ ಮೇಲೆ ಹೊಸ ಬರಹ ಬಂತು: "ಈ ಇಜ್ಜಾ ನಮಗೆ ಒಂದು ಮೊಟ್ಟೆಯನ್ನೂ ಮಾರಿಲ್ಲ. ಇಲ್ಲಿಯ ಮೊಟ್ಟೆಗಳು ಪಂಜರದ ಕೋಳಿಗಳವು. ಬಿಡುತ್ತೇವೆ ಎಂದು ಮಾತು ಕೊಟ್ಟಿದ್ದೆವು, ಇನ್ನೂ ಬಿಟ್ಟಿಲ್ಲ." ಆಮ್ಲೆಟ್ ಒಲೆಯ ಮುಂದೆ ನೊಣ ಹೊಡೆಯುವ ಹಾಗಾಯಿತು. ಎಲ್ಲರೂ ನನ್ನ ರೊಟ್ಟಿಗೆ ಮುಗಿಬಿದ್ದು ನನ್ನ ರಟ್ಟೆ ಬಿದ್ದುಹೋಯಿತು. ಸುತ್ತಲ ಹಳ್ಳಿಗಳ ಕೋಳಿ ಸಾಕುವವರನ್ನು ಹುಡುಕಿಕೊಂಡು ಝುಹೈರ್ ತಾನೇ ಜೀಪು ಹತ್ತಿದ. ಸುಲ್ತಾನಾ ಈಗ ಹೋಟೆಲಿನ ಆಸ್ತಿ. ಅವನ ಗುಲಾಬಿ ಮಡಿಗಳನ್ನು ಕೆದಕಿ ಹಾಳು ಮಾಡಿದರೂ ಅವನು ತುಟಿ ಬಿಚ್ಚುವಂತಿಲ್ಲ. ಇಲ್ಲಿ ಮೊಟ್ಟೆ ಬದಲಾದ ಮೇಲೆ ಬರಹ ಅಳಿಸಲೇ ಎಂದು ಕೇಳಲು ಬಂದವನಿಗೆ, ಸಮುದ್ರದಾಚೆಯ ಹೋಟೆಲುಗಳಲ್ಲೂ ಬದಲಾಯಿತೇ ಎಂದು ಇಜ್ಜಾ ಕೇಳಿದಳಂತೆ. ಅದು ನನ್ನ ಕೈಯಲ್ಲಿಲ್ಲ ಎಂದನಂತೆ. "ಹಾಗಾದ್ರೆ ಇರಲಿ ಬಿಡು. ನಾನು ಆ ಗೋಡೆ ಮೇಲೇ ನಿಂತ್ಕೊಂಡು ನೋಡ್ತಿರ್ತೀನಿ" ಎಂದಳಂತೆ.

ಇದೆಲ್ಲ ಆಮೇಲಿನ ಮಾತಾಯಿತು. ಆವತ್ತು ಶೆಡ್ಡಿನಿಂದ ವಾಪಸ್ ಬರುವಾಗ ಹಜ್ಜಾ ಯಮ್ನಾ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಳು. ಊರಲ್ಲಿ ಇಳಿದವಳು ಯಾರಿಗೂ ಸಲಾಮನ್ನೂ ಹೇಳದೆ ನಡೆದುಬಿಟ್ಟಳು. ಇಜ್ಜಾ ಅವಳ ಬೆನ್ನನ್ನೇ ನೋಡುತ್ತ ನಿಂತಿದ್ದಳು.

ಮಗು ಹುಟ್ಟಿದ ಏಳನೆಯ ದಿನ ಬೆಳಿಗ್ಗೆ ಇಜ್ಜಾ ಯಾರೂ ಬರುವುದಿಲ್ಲವೆಂದೇ ಸಣ್ಣ ಪಾತ್ರೆ ಒಲೆಗೆ ಏರಿಸಿದ್ದಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಬಾಗಿಲಲ್ಲಿ ಹಜ್ಜಾಳ ದನಿ ಕೇಳಿಸಿತು. ಅವಳ ಹಿಂದೆ ಇಡೀ ಊರಿನ ಹೆಂಗಸರು, ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಬಂದಿದ್ದರು. ಹಜ್ಜಾ ಯಾರ ಮುಖವನ್ನೂ ನೋಡದೆ ಸೀದಾ ಒಲೆಯ ಹತ್ತಿರ ಬಂದಳು, ಪಾತ್ರೆಯ ಮುಚ್ಚಳ ತೆಗೆದಳು, ಮೂಸಿದಳು. "ಇಷ್ಟು ಪುಟ್ಟ ಪಾತ್ರೆಯಲ್ಲಿ ಯಾರಿಗೇ ಬಡಿಸ್ತೀಯ? ನನ್ನ ಸೊಸೆಗೆ ಸಂತೆ ಕೋಳಿ ತಿನ್ನಿಸಿ ಹಾಲೇ ಇಳೀಲಿಲ್ಲ. ಅವಳಿಗೂ ಇದೇ ಸಾರು ಒಂದು ಬಟ್ಟಲು ಬೇಕು. ಏಳು, ಇನ್ನೆರಡು ಕೋಳಿ ಹಿಡಿ."

ಹೋಟೆಲಿನಲ್ಲಿ ಅಳದ, ಶೆಡ್ಡಿನಲ್ಲೂ ಅಳದ ಇಜ್ಜಾ, ಸೌಟು ಹಿಡಿದುಕೊಂಡೇ ಗೊಳೋ ಎಂದು ಅಳತೊಡಗಿದಳು. ಮೆಂತ್ಯದ ಹಬೆ ಕಣ್ಣಿಗೆ ಹೊಡೆಯಿತು ಎಂದು ಸುಳ್ಳು ಹೇಳಿದಳು.

"ಪಾತ್ರೆ ಮೇಲಿಂದ ಮುಖ ತೆಗಿಯೇ," ಎಂದು ಹಜ್ಜಾ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. "ಸಾರಿಗೆ ಆಗಲೇ ಉಪ್ಪು ಬಿದ್ದಿದೆ."